ನೇರಗೊಳಿಸಿದ ಕೂದಲು ಉದ್ದ ಬೆಳೆಯಬೇಕಾದರೆ: ಸಂಧಿ ಕಾಯ್ದರೆ ಜಡೆ ಉಳಿಯುತ್ತದೆ

ಮಂಡ್ಯ: ಸ್ಟ್ರೈಟನಿಂಗ್, ಸ್ಮೂದನಿಂಗ್, ಕೆರಾಟಿನ್. ಮಹಾನಗರಗಳ ಸೌಂದರ್ಯ ಮಳಿಗೆಗಳಿಗಷ್ಟೇ ಸೀಮಿತವಾಗಿದ್ದ ಈ ಪದಗಳು ಇಂದು ಮಂಡ್ಯ, ಮದ್ದೂರು, ಮಳವಳ್ಳಿಯಂತಹ ಪಟ್ಟಣಗಳಲ್ಲೂ ಪರಿಚಿತ. ಕಾಲೇಜಿಗೆ ಸೇರುವ ಮುನ್ನ, ಮದುವೆಯ ಮುನ್ನ, ನೌಕರಿಯ ಸಂದರ್ಶನದ ಮುನ್ನ ಗುಂಗುರು ಕೂದಲನ್ನು ನೇರಗೊಳಿಸಿಕೊಳ್ಳುವುದು ಸಾಮಾನ್ಯ ಸಂಗತಿಯಾಗಿದೆ. ತೊಡಕು ಎದುರಾಗುವುದು ಅನಂತರ. ಆರು ತಿಂಗಳು ಕಳೆಯುವಷ್ಟರಲ್ಲಿ ಬುಡದಲ್ಲಿ ಹಳೆಯ ಗುಂಗುರು ಕಾಣಿಸಿಕೊಳ್ಳುತ್ತದೆ, ತುದಿ ಸೀಳುತ್ತದೆ, ನಡುವೆ ಕೂದಲು ತುಂಡಾಗುತ್ತದೆ. ಉದ್ದ ಜಡೆಯ ಆಸೆಯಿದ್ದವರಿಗೆ ಕೂದಲು ಬೆಳೆಯುತ್ತಲೇ ಇಲ್ಲವೆಂಬ ಭಾವನೆ ಮೂಡುತ್ತದೆ.

ವಾಸ್ತವದಲ್ಲಿ ಇಂತಹ ಬಹುತೇಕ ಪ್ರಸಂಗಗಳಲ್ಲಿ ಕೂದಲಿನ ಬೆಳವಣಿಗೆ ನಿಂತಿರುವುದಿಲ್ಲ. ಬುಡದಲ್ಲಿ ಬೆಳೆದಷ್ಟೇ ಕೂದಲು ಕೆಳಗೆ ಮುರಿದು ಹೋಗುತ್ತಿರುತ್ತದೆ. ಆದ್ದರಿಂದ ರಾಸಾಯನಿಕದಿಂದ ನೇರಗೊಳಿಸಿದ ಕೂದಲನ್ನು ಉದ್ದ ಬೆಳೆಸುವುದೆಂದರೆ ಮುಖ್ಯವಾಗಿ ಮುರಿತವನ್ನು ತಡೆಯುವುದು ಎಂದೇ ಅರ್ಥ. ಮಂಡ್ಯ ಸಮೀಪದ ವಿ.ಸಿ. ಫಾರಂನ ಕೃಷಿ ಮಹಾವಿದ್ಯಾಲಯದಲ್ಲಿ ಓದುತ್ತ ವಿದ್ಯಾರ್ಥಿನಿಲಯದಲ್ಲಿ ನೆಲೆಸಿ, ಬಿಸಿಲಿನಲ್ಲಿ ಗದ್ದೆಗಿಳಿದು ಕಲಿಯುವ ವಿದ್ಯಾರ್ಥಿನಿಯರಿಗೂ, ದಿನವೂ ಬಸ್ಸು ಇಲ್ಲವೇ ಸ್ಕೂಟರಿನಲ್ಲಿ ಊರಿಂದ ಪಟ್ಟಣಕ್ಕೆ ಓಡಾಡುವ ಉದ್ಯೋಗಸ್ಥ ಮಹಿಳೆಯರಿಗೂ ಈ ವಿಷಯದಲ್ಲಿ ತಿಳಿದಿರಬೇಕಾದ ಕೆಲವು ಅಂಶಗಳು ಇಲ್ಲಿವೆ.

ಕೂದಲಿನೊಳಗೆ ನಡೆಯುವುದೇನು?

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಈ ಪ್ರೋಟೀನಿನ ಎಳೆಗಳನ್ನು ಗಂಧಕದ ಬಂಧಗಳು ಒಂದಕ್ಕೊಂದು ಬೆಸೆದಿರುತ್ತವೆ. ಕೂದಲಿನ ಗಟ್ಟಿತನಕ್ಕೆ ಈ ಬಂಧಗಳು ಮುಖ್ಯ ಆಧಾರ. ಗುಂಗುರು ಆಕಾರವನ್ನು ಹಿಡಿದಿಡುವುದರಲ್ಲೂ ಅವುಗಳ ಪಾತ್ರ ದೊಡ್ಡದು. ನೇರಗೊಳಿಸುವ ಕ್ರೀಮು ಇವುಗಳಲ್ಲಿ ಒಂದಷ್ಟನ್ನು ಕಡಿಯುತ್ತದೆ. ಹೀಗೆ ಮೆತ್ತಗಾದ ಕೂದಲನ್ನು ಬಿಸಿ ಇಸ್ತ್ರಿಯಿಂದ ನೇರವಾಗಿ ಎಳೆದು, ಹೈಡ್ರೋಜನ್ ಪೆರಾಕ್ಸೈಡ್‌ನಂತಹ ದ್ರಾವಣ ಹಚ್ಚಿ ಹೊಸ ಆಕಾರದಲ್ಲಿ ಬಂಧಗಳನ್ನು ಮತ್ತೆ ಕೂಡಿಸಲಾಗುತ್ತದೆ. ಕಡಿದ ಬಂಧಗಳೆಲ್ಲವೂ ಮರಳಿ ಕೂಡುವುದಿಲ್ಲ. ನೇರವಾದ ಕೂದಲು ನೋಡಲು ನುಣುಪಾಗಿದ್ದರೂ ಮೊದಲಿಗಿಂತ ದುರ್ಬಲವಾಗಿರುವುದಕ್ಕೆ ಇದೇ ಕಾರಣ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನೆತ್ತಿಯ ಚರ್ಮದಿಂದ ಹೊರಬಂದ ಕೂದಲಿನಲ್ಲಿ ಜೀವಕೋಶಗಳಿರುವುದಿಲ್ಲ. ಅದು ಗಾಯದಂತೆ ತಾನಾಗಿ ಮಾಯುವುದಿಲ್ಲ. ನಾಟಿ ಮಾಡಿದ ಪೈರಿಗೆ ಗೊಬ್ಬರ ಕೊಡಬಹುದು. ಕಣದಲ್ಲಿ ಬಿದ್ದ ಹುಲ್ಲಿಗೆ ಕೊಟ್ಟು ಪ್ರಯೋಜನವಿಲ್ಲ. ಎಣ್ಣೆ, ಕಂಡೀಷನರ್, ಸೀರಂ ಯಾವುದಾದರೂ ಇರುವ ಕೂದಲನ್ನು ಸವೆಯದಂತೆ ಕಾಯಬಲ್ಲವೇ ಹೊರತು ಕೆಟ್ಟ ಕೂದಲನ್ನು ಮೊದಲಿನಂತೆ ಮಾಡಲಾರವು. ಅಂತೆಯೇ ಕ್ರೀಮು ಬುಡದೊಳಗಿನ ಕೂದಲಿನ ಸ್ವಭಾವವನ್ನೂ ಬದಲಿಸುವುದಿಲ್ಲ. ಹೊಸದಾಗಿ ಹುಟ್ಟುವ ಕೂದಲು ತನ್ನ ಹುಟ್ಟುಗುಣದಂತೆಯೇ ಬರುತ್ತದೆ.

ಹೆಸರು ಹಲವು, ವಿಧಾನ ಬೇರೆ ಬೇರೆ

ಪಾರ್ಲರ್‌ಗಳಲ್ಲಿ ಬಳಕೆಯಲ್ಲಿರುವ ಹೆಸರುಗಳು ಗೊಂದಲ ಹುಟ್ಟಿಸುವಂತಿವೆ. ಯಾವುದನ್ನು ಮಾಡಿಸಲಾಗಿದೆ ಎಂಬುದು ತಿಳಿದಿದ್ದರೆ ಮುಂದಿನ ಆರೈಕೆ ಸುಲಭ.

ರೀಬಾಂಡಿಂಗ್: 1990ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ವಿಧಾನ. ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕ ಮತ್ತು ಬಿಸಿ ಇಸ್ತ್ರಿ ಇದರ ಮುಖ್ಯ ಸಾಧನಗಳು. ಪರಿಣಾಮ ಶಾಶ್ವತ. ಸ್ಮೂದನಿಂಗ್ ಎಂಬ ಹೆಸರಿನಲ್ಲಿ ನಡೆಯುವುದೂ ಅನೇಕ ಕಡೆ ಇದರದೇ ಸೌಮ್ಯ ರೂಪ.

ರಿಲ್ಯಾಕ್ಸರ್: ಸೋಡಿಯಂ ಹೈಡ್ರಾಕ್ಸೈಡ್‌ನಂತಹ ತೀಕ್ಷ್ಣ ಕ್ಷಾರಗಳಿಂದ ತಯಾರಾಗುವ ಕ್ರೀಮು. ಅಮೆರಿಕದ ಆಫ್ರಿಕನ್ ಮೂಲದ ಸಂಶೋಧಕ ಗ್ಯಾರೆಟ್ ಮಾರ್ಗನ್ ಕೂದಲು ನೇರಗೊಳಿಸುವ ಕ್ರೀಮಿನ ಮಾರಾಟಕ್ಕಾಗಿ 1913ರಲ್ಲಿ ಕಂಪನಿ ಆರಂಭಿಸಿದರು. ಬಹಳ ಸುರುಳಿ ಕೂದಲಿನ ಆ ಸಮುದಾಯದಲ್ಲಿ ರಿಲ್ಯಾಕ್ಸರ್‌ಗಳ ಬಳಕೆ ವ್ಯಾಪಕವಾಗಿ ಬೆಳೆಯಿತು. ಇಂತಹ ಕ್ಷಾರ ಬಳಸಿದ ಕೂದಲಿನ ಮೇಲೆ ಥಯೋಗ್ಲೈಕೋಲೇಟ್ ಹಚ್ಚಿದರೆ, ಅಥವಾ ಅದರ ಮೇಲೆ ಇದನ್ನು ಹಚ್ಚಿದರೆ, ಕೂದಲು ತುಂಡಾಗಿ ಉದುರುವ ಅಪಾಯವಿದೆ.

ಕೆರಾಟಿನ್: ಬಂಧಗಳನ್ನು ಹೆಚ್ಚು ಕಡಿಯದೆ, ಕೂದಲಿನ ಮೇಲೆ ಪದರವೊಂದನ್ನು ಬಿಸಿಯಿಂದ ಕೂರಿಸುವ ವಿಧಾನ. ಕೆಲವು ತಿಂಗಳಲ್ಲಿ ತೊಳೆದುಹೋಗುತ್ತದೆ. ಹೇರ್ ಬೊಟಾಕ್ಸ್ ಎಂಬುದೂ ಇದೇ ಬಗೆಯದು. ಹೆಸರಿನಲ್ಲಿರುವ ಬೊಟಾಕ್ಸ್ ಚುಚ್ಚುಮದ್ದಿಗೂ ಇದಕ್ಕೂ ಸಂಬಂಧವಿಲ್ಲ.

ಬೆಳವಣಿಗೆಯ ಲೆಕ್ಕ

ತಲೆಗೂದಲು ಸರಾಸರಿ ತಿಂಗಳಿಗೆ 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ 12ರಿಂದ 15 ಸೆಂಟಿಮೀಟರ್. ಇದನ್ನು ಇಮ್ಮಡಿಗೊಳಿಸುವುದಾಗಿ ಹೇಳುವ ಜಾಹೀರಾತುಗಳನ್ನು ನಂಬಬೇಕಾಗಿಲ್ಲ.

ಮೂರು ತಿಂಗಳಿಗೊಮ್ಮೆ ಒಂದು ಸೆಂಟಿಮೀಟರಿನಷ್ಟು ತುದಿ ಕತ್ತರಿಸಿದರೆ ವರ್ಷಕ್ಕೆ ಕಳೆಯುವುದು 4 ಸೆಂಟಿಮೀಟರ್. ಉಳಿಯುವುದು 8ರಿಂದ 11 ಸೆಂಟಿಮೀಟರ್. ಭುಜದವರೆಗೆ ನೇರಗೊಳಿಸಿದ ಕೂದಲಿನೊಂದಿಗೆ ಬಿ.ಎಸ್ಸಿ. (ಕೃಷಿ) ಪದವಿಗೆ ಸೇರಿದ ವಿದ್ಯಾರ್ಥಿನಿಯೊಬ್ಬಳು ಮುರಿತವಿಲ್ಲದೆ ಕೂದಲು ಕಾಯ್ದುಕೊಂಡರೆ, ನಾಲ್ಕು ವರ್ಷದ ವ್ಯಾಸಂಗ ಮುಗಿಯುವ ವೇಳೆಗೆ ಅವಳ ಜಡೆ 32ರಿಂದ 44 ಸೆಂಟಿಮೀಟರ್ ಉದ್ದವಾಗಿರುತ್ತದೆ. ಅಂದರೆ ಸೊಂಟದ ಹತ್ತಿರ. ತಿಂಗಳಿಗೆ ಒಂದು ಸೆಂಟಿಮೀಟರ್ ಮುರಿದು ಹೋಗುತ್ತಿದ್ದರೆ ನಾಲ್ಕು ವರ್ಷದ ಬಳಿಕವೂ ಜಡೆ ಬಹುತೇಕ ಭುಜದಲ್ಲೇ ಇರುತ್ತದೆ. ಬೆಳವಣಿಗೆ ಎರಡೂ ಕಡೆ ಒಂದೇ. ವ್ಯತ್ಯಾಸ ಇರುವುದು ಆರೈಕೆಯಲ್ಲಿ.

ತುದಿ ಕತ್ತರಿಸಿದರೆ ಕೂದಲು ವೇಗವಾಗಿ ಬೆಳೆಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಆದರೆ ಸೀಳಿದ ತುದಿಯನ್ನು ಹಾಗೆಯೇ ಬಿಟ್ಟರೆ ಸೀಳು ಮೇಲಕ್ಕೇರಿ ಇನ್ನಷ್ಟು ಉದ್ದವನ್ನು ತಿನ್ನುತ್ತದೆ. ಹೀಗಾಗಿ ಅಲ್ಪಸ್ವಲ್ಪ ಕತ್ತರಿಸುವುದೇ ಲಾಭ.

ಅಪಾಯದ ಜಾಗ: ಸಂಧಿ

ಹೊಸದಾಗಿ ಬೆಳೆದ ಗುಂಗುರು ಕೂದಲು ಮತ್ತು ಹಳೆಯ ನೇರ ಕೂದಲು ಸೇರುವ ಜಾಗವೇ ಸಂಧಿ. ಮೇಲಿನದು ಗಟ್ಟಿ, ಕೆಳಗಿನದು ದುರ್ಬಲ. ಬಾಚಣಿಗೆ ಮೇಲಿನ ಗುಂಗುರಿನಲ್ಲಿ ಸಿಕ್ಕಿಕೊಂಡಾಗ ಎಳೆತವೆಲ್ಲ ಈ ಸಂಧಿಯ ಮೇಲೆ ಬೀಳುತ್ತದೆ. ಕೂದಲು ಬುಡದಿಂದ ಕಿತ್ತು ಬರದೆ ನಡುವೆ ತುಂಡಾಗುವುದು ಇಲ್ಲಿಯೇ.

ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಪರೀಕ್ಷಿಸಿದರೆ ಇದು ತಿಳಿಯುತ್ತದೆ. ಒಂದು ತುದಿಯಲ್ಲಿ ಬಿಳಿಯ ಪುಟ್ಟ ಗುಬುಟು ಇದ್ದರೆ ಅದು ಬುಡದಿಂದ ಉದುರಿದ್ದು; ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ಗುಬುಟಿಲ್ಲದ ಗಿಡ್ಡ ತುಂಡುಗಳು ಹೆಚ್ಚಿದ್ದರೆ ಅದು ಮುರಿತ. ಉದುರುವಿಕೆಗೆ ಕಾರಣ ದೇಹದೊಳಗೆ ಹುಡುಕಬೇಕು. ಮುರಿತಕ್ಕೆ ಕಾರಣ ನಿತ್ಯದ ಅಭ್ಯಾಸಗಳಲ್ಲಿ ಹುಡುಕಬೇಕು.

ನೀರು, ಸ್ನಾನ, ಎಣ್ಣೆ

ಕೃಷ್ಣರಾಜಸಾಗರದಿಂದ ಹರಿದು ಬರುವ ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗೆ ಹೋಗುತ್ತದೆ. ಅನೇಕ ಊರುಗಳಲ್ಲಿ ಸ್ನಾನಕ್ಕೆ ಸಿಗುವುದು ಕೊಳವೆಬಾವಿಯ ನೀರು. ಸಾಬೂನು ನೊರೆ ಬರದೆ, ಬಕೆಟ್ಟಿನ ಅಂಚಿಗೆ ಬಿಳಿಯ ಕರೆ ಕಟ್ಟಿದರೆ ಆ ನೀರು ಗಡಸು ಎಂದರ್ಥ. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸಾಬೂನಿನೊಂದಿಗೆ ಸೇರಿ ಕೂದಲಿಗೆ ಜಿಗುಟಾಗಿ ಅಂಟುತ್ತವೆ. ಕೂದಲು ಒರಟಾಗಿ ಸಿಕ್ಕಾಗುತ್ತದೆ. ತಲೆಗೆ ಮೈಸಾಬೂನು ಬಳಸಲೇಬಾರದು. ಕೊನೆಯ ಒಂದೆರಡು ಚೊಂಬು ಮಳೆಯ ನೀರು ಅಥವಾ ಶುದ್ಧೀಕರಣ ಘಟಕದ ನೀರಿನಿಂದ ಕೂದಲು ತೊಳೆದರೆ ವ್ಯತ್ಯಾಸ ಕಾಣುತ್ತದೆ.

ವಾರಕ್ಕೆ ಎರಡು ಬಾರಿ, ಗದ್ದೆ ಕೆಲಸದಿಂದ ಬೆವರಿದ್ದರೆ ಮೂರು ಬಾರಿ ತಲೆಸ್ನಾನ ಸಾಕು. ಸಲ್ಫೇಟ್ ಇಲ್ಲದ ಸೌಮ್ಯ ಶಾಂಪೂವನ್ನು ನೆತ್ತಿಗೆ ಮಾತ್ರ ಹಚ್ಚಿ, ನೊರೆ ಕೆಳಗಿನ ಕೂದಲಿನ ಮೇಲೆ ಹರಿಯಲು ಬಿಡಬೇಕು. ಪ್ರತಿ ಸ್ನಾನದಲ್ಲೂ ಸಂಧಿಯಿಂದ ಕೆಳಗೆ ಕಂಡೀಷನರ್ ಹಚ್ಚುವುದು ಅಗತ್ಯ. ಸೀಗೆಕಾಯಿ, ಅಂಟುವಾಳಗಳಲ್ಲಿ ಕೊಳೆ ತೆಗೆಯುವ ಸಪೋನಿನ್ ಎಂಬ ಅಂಶವಿದೆ. ಅವುಗಳನ್ನು ಬಳಸುವ ರೂಢಿ ಬಿಡಬೇಕಾಗಿಲ್ಲ. ಆದರೆ ತರಿತರಿ ಪುಡಿಯನ್ನು ಕೂದಲಿಗೆ ತಿಕ್ಕುವ ಬದಲು ನೆನೆಸಿ ಕುದಿಸಿ ಸೋಸಿದ ತಿಳಿಯನ್ನು ಬಳಸಬೇಕು. ಪುಡಿಯ ತಿಕ್ಕಾಟ ನೇರಗೊಳಿಸಿದ ಕೂದಲಿನ ಮೇಲ್ಪದರವನ್ನು ಕೆರೆಯುತ್ತದೆ.

ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಅಜ್ಜಿಯರ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ. ಖನಿಜ ತೈಲ ಮತ್ತು ಸೂರ್ಯಕಾಂತಿ ಎಣ್ಣೆಗಳೊಂದಿಗೆ ಹೋಲಿಸಿ ನಡೆಸಿದ, 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ, ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದು ಕೂದಲಿನೊಳಕ್ಕೆ ಇಳಿಯಬಲ್ಲದು. ಸ್ನಾನಕ್ಕೆ ಒಂದೆರಡು ಗಂಟೆ ಮುನ್ನ ಸಂಧಿಯಿಂದ ತುದಿಯವರೆಗೆ ಹಚ್ಚಿದರೆ ಕೂದಲು ನೀರು ಹೀರಿ ಉಬ್ಬುವುದೂ ಕಡಿಮೆಯಾಗುತ್ತದೆ. ದಾಸವಾಳದ ಎಲೆಯ ಸಾರ ಇಲಿಗಳ ಮೇಲಿನ ಪ್ರಯೋಗದಲ್ಲಿ ಕೂದಲಿನ ಬೆಳವಣಿಗೆಗೆ ನೆರವಾದ ವರದಿಯಿದೆ. ಮನುಷ್ಯರ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾಗದು. ಆದರೂ ದಾಸವಾಳದ ಎಲೆಯ ಲೋಳೆ ಮತ್ತು ನೆನೆಸಿದ ಮೆಂತ್ಯದ ಲೋಳೆ ಕೂದಲನ್ನು ನುಣುಪಾಗಿಸಿ ಸಿಕ್ಕು ಬಿಡಿಸಲು ಉಪಯುಕ್ತ.

ಬಾಚಣಿಗೆ ಮತ್ತು ಬಿಸಿ

ಒದ್ದೆಯಾದಾಗ ಕೂದಲು ಅತ್ಯಂತ ದುರ್ಬಲ. ಸ್ನಾನದ ನಂತರ ಟವೆಲಿನಿಂದ ಬಡಿಯುವುದು, ತಿಕ್ಕಿ ಒರೆಸುವುದು, ಕೂದಲು ಹಿಂಡಿ ಗಂಟು ಹಾಕುವುದು ಇವೆಲ್ಲ ಮುರಿತಕ್ಕೆ ಕಾರಣ. ಹಳೆಯ ಹತ್ತಿ ಪಂಚೆ ಅಥವಾ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಬೇಕು. ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಆರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸುತ್ತ ಹೋಗಬೇಕು. ಬುಡದಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಬಾಚಿದರೆ ಸಂಧಿ ಉಳಿಯುವುದಿಲ್ಲ.

ವಿದ್ಯಾರ್ಥಿನಿಲಯಗಳಲ್ಲಿ ಹೇನಿನ ಕಾಟ ಅಪರೂಪವಲ್ಲ. ಸೀರಣಿಗೆ ಬಳಸಬೇಕಾಗಿ ಬಂದರೆ ಒಣಗೂದಲಿನ ಮೇಲೆ ಬಳಸದೆ, ಧಾರಾಳವಾಗಿ ಕಂಡೀಷನರ್ ಹಚ್ಚಿ ಸಿಕ್ಕು ಬಿಡಿಸಿದ ಮೇಲೆ ಸಣ್ಣ ಸಣ್ಣ ಭಾಗಗಳಾಗಿ ಬಾಚಬೇಕು.

ಬುಡದ ಗುಂಗುರನ್ನು ಮರೆಮಾಚಲು ದಿನವೂ ಇಸ್ತ್ರಿ ಯಂತ್ರ ಬಳಸುವುದು ಈ ಹಂತದ ದೊಡ್ಡ ತಪ್ಪು. ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಬೇಡ. ಉಷ್ಣತೆ 180 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಬಿಸಿಯಿಂದ ಕಾಯುವ ದ್ರಾವಣವನ್ನು ಮೊದಲು ಹಚ್ಚಿರಬೇಕು. ಒದ್ದೆ ಕೂದಲಿನ ಮೇಲೆ ಇಸ್ತ್ರಿ ಇಟ್ಟರೆ ಒಳಗಿನ ನೀರು ಆವಿಯಾಗಿ ಕೂದಲಿನಲ್ಲಿ ಗುಳ್ಳೆಗಳೇಳುತ್ತವೆ. ಆ ಜಾಗದಲ್ಲಿ ಕೂದಲು ಮುರಿಯುವುದು ನಿಶ್ಚಿತ.

ಜಡೆ, ತುರುಬು, ಹೂವು

ಎರಡು ಬಗೆಯ ಕೂದಲನ್ನು ಒಂದಾಗಿ ಕಾಣಿಸುವ ಸುಲಭ ಉಪಾಯ ಮನೆಯಲ್ಲೇ ಇದೆ. ಸ್ವಲ್ಪ ತೇವವಿರುವ ಕೂದಲನ್ನು ಎರಡು ಸಡಿಲ ಜಡೆಗಳಾಗಿ ಹೆಣೆದು ರಾತ್ರಿ ಮಲಗಿದರೆ ಬೆಳಿಗ್ಗೆ ನೇರ ಭಾಗವೂ ಅಲೆಯಲೆಯಾಗಿ ಬುಡದ ಗುಂಗುರಿಗೆ ಹೊಂದಿಕೊಳ್ಳುತ್ತದೆ. ಹಗಲಿನಲ್ಲಿ ಸಡಿಲ ಜಡೆ, ಕತ್ತಿನ ಮೇಲೆ ಕೂರುವ ಇಳಿ ತುರುಬು, ಮುಂಭಾಗವನ್ನು ತಿರುಚಿ ಹಿಂದಕ್ಕೆ ಸಿಕ್ಕಿಸುವ ಶೈಲಿ ಸೂಕ್ತ. ತುದಿಗಳು ಜಡೆ ಅಥವಾ ತುರುಬಿನೊಳಗೆ ಅಡಗಿದ್ದಷ್ಟೂ ಸವೆತ ಕಡಿಮೆ.

ಬಿಗಿಯಾಗಿ ಹಿಂದಕ್ಕೆಳೆದು ಕಟ್ಟುವ ಜುಟ್ಟಿನಿಂದ ಹಣೆಯಂಚಿನ ಕೂದಲು ಬುಡಸಹಿತ ನಾಶವಾಗಬಹುದು. ಇದು ಮುಂದುವರಿದರೆ ಮತ್ತೆ ಹುಟ್ಟದಿರುವ ಸಾಧ್ಯತೆಯೂ ಇದೆ. ಬರಿಯ ರಬ್ಬರ್‌ಬ್ಯಾಂಡ್ ಬದಲು ಬಟ್ಟೆ ಸುತ್ತಿದ ಬ್ಯಾಂಡ್ ಬಳಸಬೇಕು. ದಿನವೂ ಒಂದೇ ಜಾಗದಲ್ಲಿ ಕಟ್ಟಬಾರದು. ಮದುವೆಯ ಮೊಗ್ಗಿನ ಜಡೆಯ ಭಾರ ಗಂಟೆಗಟ್ಟಲೆ ಕೂದಲನ್ನು ಎಳೆಯುತ್ತದೆ. ಅದನ್ನು ಚೌರಿ ಸೇರಿಸಿ ದಪ್ಪ ಮಾಡಿದ ಜಡೆಗೆ ಕಟ್ಟಿ, ಧಾರೆ ಮುಗಿದ ಕೂಡಲೇ ಬಿಚ್ಚಿಸುವುದು ಕ್ಷೇಮ. ಮಲ್ಲಿಗೆ ದಂಡೆ ಮುಡಿಯಲು ಅಡ್ಡಿಯಿಲ್ಲ. ಅದನ್ನು ನಿಲ್ಲಿಸುವ ಪಿನ್ನುಗಳ ಚೂಪು ತುದಿ ಸಂಧಿಗೆ ತಾಗದಿದ್ದರೆ ಸಾಕು.

ಸ್ಕೂಟರಿನ ಹೆಲ್ಮೆಟ್ಟಿನೊಳಗೆ ತೆಳುವಾದ ಸ್ಯಾಟಿನ್ ಇಲ್ಲವೇ ರೇಷ್ಮೆಯ ಬಟ್ಟೆ ಕಟ್ಟುವುದು, ದಿಂಬಿಗೂ ಅಂತಹದೇ ಹೊದಿಕೆ ಹಾಕುವುದು ತಿಕ್ಕಾಟ ತಪ್ಪಿಸುತ್ತದೆ. ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ಉಳಿದು ಗದ್ದೆ, ತೋಟಗಳಲ್ಲಿ ಓಡಾಡುವ ಕೃಷಿ ವಿದ್ಯಾರ್ಥಿನಿಯರು ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟುವುದನ್ನು ಮರೆಯಬಾರದು. ಬಿಸಿಲು ಕೂದಲಿನ ಪ್ರೋಟೀನನ್ನೂ ಕೆಡಿಸುತ್ತದೆ.

ಮತ್ತೆ ಮಾಡಿಸುವ ಮುನ್ನ

ನೇರ ಕೂದಲನ್ನೇ ಮುಂದುವರಿಸುವ ಇಚ್ಛೆಯುಳ್ಳವರು ಎರಡು ಬಾರಿಯ ನಡುವೆ ಕನಿಷ್ಠ ಆರು ತಿಂಗಳಾದರೂ ಅಂತರವಿಡುವುದು ಒಳ್ಳೆಯದು. ಹೊಸ ಬೆಳವಣಿಗೆಗೆ ಮಾತ್ರ ಕ್ರೀಮು ತಾಗಬೇಕು. ಒಮ್ಮೆ ನೇರಗೊಳಿಸಿದ ಭಾಗಕ್ಕೆ ಮತ್ತೆ ಹಚ್ಚಿದರೆ ಉಳಿದ ಬಂಧಗಳೂ ಕಡಿದುಹೋಗುತ್ತವೆ. ಹಿಂದೆ ಯಾವ ಕ್ರೀಮು ಬಳಸಲಾಗಿತ್ತು, ಮೆಹಂದಿ ಅಥವಾ ಬಣ್ಣ ಹಚ್ಚಲಾಗಿದೆಯೇ ಎಂಬುದನ್ನು ಪಾರ್ಲರಿನವರಿಗೆ ಮುಚ್ಚಿಡದೆ ತಿಳಿಸಬೇಕು. ಲೋಹದ ಲವಣ ಬೆರೆತ ಮೆಹಂದಿ ಪುಡಿಗಳು ಪೆರಾಕ್ಸೈಡ್‌ನೊಂದಿಗೆ ವರ್ತಿಸಿ ಕೂದಲನ್ನು ಸುಡಬಲ್ಲವು. ನೆತ್ತಿಯಲ್ಲಿ ಗಾಯ, ಕಜ್ಜಿ ಇದ್ದರೆ ಮುಂದೂಡಬೇಕು. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಇದು ಬೇಡ.

ಆರೋಗ್ಯದ ಪ್ರಶ್ನೆ ಕೂದಲಿಗಷ್ಟೇ ಸೀಮಿತವಲ್ಲ. ಕೆಲವು ಕೆರಾಟಿನ್ ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರ ಸಮಿತಿ 2004ರಲ್ಲಿ ತೀರ್ಮಾನಿಸಿತು. ವರ್ಷಕ್ಕೊಮ್ಮೆ ಬರುವ ಗ್ರಾಹಕಿಗಿಂತ, ಬಾಗಿಲು ಮುಚ್ಚಿದ ಚಿಕ್ಕ ಕೋಣೆಯಲ್ಲಿ ದಿನವೂ ಆ ಹೊಗೆ ಕುಡಿಯುವ ಪಾರ್ಲರ್ ಕೆಲಸಗಾರ್ತಿಗೆ ಅಪಾಯ ಹೆಚ್ಚು. ಕಣ್ಣು ಉರಿ, ಗಂಟಲು ಕೆರೆತ ಕಾಣಿಸಿದರೆ ಅದು ಎಚ್ಚರಿಕೆಯ ಗಂಟೆ.

ಫಾರ್ಮಾಲ್ಡಿಹೈಡ್‌ಗೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ಪ್ರಶ್ನಾತೀತವಲ್ಲ. 26 ವರ್ಷದ ಮಹಿಳೆಯೊಬ್ಬರಿಗೆ 2020, 2021 ಮತ್ತು 2022ರಲ್ಲಿ ಮೂರು ಸಲವೂ ಕೂದಲು ನೇರಗೊಳಿಸಿಕೊಂಡ ಬಳಿಕ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣವನ್ನು 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತು. ಬಳಸಿದ ಕ್ರೀಮಿನಲ್ಲಿ ಶೇ. 10ರಷ್ಟು ಗ್ಲೈಆಕ್ಸಿಲಿಕ್ ಆಮ್ಲವಿತ್ತು. ಇಸ್ರೇಲಿನ ವೈದ್ಯರೂ 2023ರಲ್ಲಿ ಇಂತಹ 26 ರೋಗಿಗಳ ಬಗ್ಗೆ ವರದಿ ಮಾಡಿದ್ದರು. ಚಿಕಿತ್ಸೆಯ ಬಳಿಕ ವಾಂತಿ, ಬೆನ್ನುನೋವು, ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಂಡು, ಕೂದಲು ನೇರಗೊಳಿಸಿದ ವಿಷಯವನ್ನು ತಿಳಿಸಬೇಕು.

ಅಮೆರಿಕದಲ್ಲಿ 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಿತ್ತು. ನೇರಗೊಳಿಸುವ ಉತ್ಪನ್ನಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಸಾಧ್ಯತೆ ಶೇ. 1.64, ಪದೇ ಪದೇ ಬಳಸುವವರಲ್ಲಿ ಶೇ. 4.05. ಇಲ್ಲಿ ಕಂಡದ್ದು ಸಂಬಂಧವೇ ಹೊರತು ಕಾರಣದ ಪುರಾವೆ ಅಲ್ಲ. ಆದರೂ ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸಿದವರಲ್ಲಿ ಅಪಾಯ ಹೆಚ್ಚು ಕಂಡದ್ದರಿಂದ, ಎಷ್ಟು ಬಾರಿ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರೂ ಕೇಳಿಕೊಳ್ಳುವುದು ವಿವೇಕ.

ದೇಶದಲ್ಲಿ ಸೌಂದರ್ಯವರ್ಧಕಗಳಿಗೆ 2020ರ ನಿಯಮಗಳು ಅನ್ವಯಿಸುತ್ತವೆ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿ ಇರಬೇಕು. ಚೀಟಿಯಿಲ್ಲದ ಬಾಟಲಿಯಿಂದ ಬಟ್ಟಲಿಗೆ ಸುರಿದು ತಂದ ಕ್ರೀಮನ್ನು ಒಪ್ಪಬೇಕಾಗಿಲ್ಲ. ಪಟ್ಟಿಯಲ್ಲಿ ಫಾರ್ಮಾಲಿನ್, ಮೀಥೈಲೀನ್ ಗ್ಲೈಕಾಲ್ ಎಂದಿದ್ದರೂ ಅದು ಫಾರ್ಮಾಲ್ಡಿಹೈಡ್‌ನ ಬೇರೆ ಹೆಸರೇ. ಡಬ್ಬಿ ತೋರಿಸುವಂತೆ ಕೇಳುವುದು ಗ್ರಾಹಕರ ಹಕ್ಕು.

ಬುಡಕ್ಕೆ ಬೇಕಾದದ್ದು ಆಹಾರ

ಹೊಸ ಕೂದಲು ಹುಟ್ಟುವುದು ದೇಹದ ಪೋಷಣೆಯಿಂದ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣಾಂಶದ ಕೊರತೆ ಕೂದಲು ಉದುರಲು ಒಂದು ಕಾರಣ. ಈ ಭಾಗದ ನಿತ್ಯದ ಊಟವಾದ ಮುದ್ದೆ, ಸೊಪ್ಪು ಕಾಳಿನ ಉಪ್ಸಾರು, ಹುರುಳಿ, ಮೊಟ್ಟೆ, ಮೀನು, ಮಾಂಸಗಳಲ್ಲಿ ಬೇಕಾದದ್ದು ಬಹಳಷ್ಟಿದೆ. ಊಟಕ್ಕೆ ನಿಂಬೆರಸ ಸೇರಿಸಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜತೆಗೇ ಕಾಫಿ, ಟೀ ಕುಡಿದರೆ ಅದಕ್ಕೆ ಅಡ್ಡಿ.

ಜ್ವರ, ಹೆರಿಗೆ, ಕಠಿಣ ಪಥ್ಯದ ಎರಡು ಮೂರು ತಿಂಗಳ ನಂತರ ಕೂದಲು ಹೆಚ್ಚು ಉದುರುವುದುಂಟು. ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ದುಂಡಗೆ ಬೋಳಾಗುವುದು, ನೆತ್ತಿಯಲ್ಲಿ ಕೀವು, ಆರು ತಿಂಗಳು ಮೀರಿದ ಉದುರುವಿಕೆ ಕಂಡರೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ಆಸ್ಪತ್ರೆಯಲ್ಲಿ ಚರ್ಮರೋಗ ತಜ್ಞರನ್ನು ಕಾಣಬೇಕು. ರಕ್ತದ ಹಾಗೂ ಥೈರಾಯ್ಡ್ ಪರೀಕ್ಷೆಗೆ ಮುನ್ನ ಬಯೋಟಿನ್ ಮಾತ್ರೆ ಸೇವಿಸುತ್ತಿದ್ದರೆ ತಿಳಿಸಬೇಕು. ಅದು ಕೆಲವು ಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು.

ಎರಡು ದಾರಿ

ನೇರ ಭಾಗವನ್ನು ಪೂರ್ತಿ ಬಿಟ್ಟು ಸಹಜ ಕೂದಲಿಗೆ ಮರಳಲು ಬಯಸುವವರ ಮುಂದೆ ಎರಡು ದಾರಿಗಳಿವೆ. ಸಹಜ ಕೂದಲು ಇಷ್ಟವಾಗುವಷ್ಟು ಉದ್ದ ಬಂದಾಗ ಸಂಧಿಯಿಂದ ಕೆಳಗಿನದನ್ನು ಒಮ್ಮೆಲೇ ಕತ್ತರಿಸುವುದು ಒಂದು. ಮಾದೇಶ್ವರನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದವರ ತಲೆಯಲ್ಲಿ ಒಂದೇ ಬಗೆಯ ಕೂದಲು ಬೆಳೆಯುವುದನ್ನು ಈ ಸೀಮೆಯವರೆಲ್ಲ ಕಂಡಿದ್ದಾರೆ, ತತ್ತ್ವ ಅದೇ. ಇನ್ನೊಂದು, ಮೂರು ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತ ಎರಡು ಮೂರು ವರ್ಷದಲ್ಲಿ ಹಳೆಯದನ್ನು ಕಳೆಯುವುದು. ಉದ್ದ ಕಳೆದುಕೊಳ್ಳಲು ಒಪ್ಪದವರಿಗೆ ಎರಡನೆಯದೇ ಸೂಕ್ತ. ಆ ಅವಧಿಯುದ್ದಕ್ಕೂ ಸಂಧಿಯನ್ನು ಕಾಯಬೇಕಾದದ್ದು ಮಾತ್ರ ಅನಿವಾರ್ಯ. ದುಬಾರಿ ಬಾಟಲಿಗಿಂತ ಅಗಲ ಹಲ್ಲಿನ ಬಾಚಣಿಗೆ, ಸಡಿಲ ಜಡೆ ಮತ್ತು ತಾಳ್ಮೆ ಈ ಕೆಲಸಕ್ಕೆ ಹೆಚ್ಚು ಬೇಕಾಗುತ್ತವೆ.